ಜಾಯ್‌ಸ್ಟಿಕ್ಕಿಗೆ ಹಚ್ಚಿದ ವಿಭೂತಿ

ನಮ್ಮ ಮನೆಯಲ್ಲಿ ಯಾವುದು ಕೆಲಸ, ಯಾವುದು ಆಟ ಎಂದು ತೀರ್ಮಾನವಾಗುವುದು ಆಯುಧಪೂಜೆಯ ದಿನ. ಎಂ.ಸಿ.ಸಿ. ಬಡಾವಣೆಯ ಮನೆಯ ಪಡಸಾಲೆಯಲ್ಲಿ ಅಪ್ಪ ಕಂಬಳಿ ಹಾಸಿ ತಕ್ಕಡಿ, ಈಳಿಗೆಮಣೆ, ನನ್ನ ಹೆಂಡತಿಯ ಕತ್ತರಿ, ಊರಂಚಿನ ಕರೂರಿನಲ್ಲಿರುವ ನನ್ನ ಚೀಲದ ಕಾರ್ಖಾನೆಯ ಸ್ಪ್ಯಾನರುಗಳನ್ನು ಸಾಲಾಗಿ ಇಡುತ್ತಾರೆ. ಅಪ್ಪ ಮೆಕ್ಕೆಜೋಳದ ವ್ಯಾಪಾರ ಬಿಟ್ಟು ಎಷ್ಟೋ ಕಾಲವಾದರೂ ತಕ್ಕಡಿಗೇ ಮೊದಲ ಜಾಗ. ಕೆಟ್ಟು ಕೂತ ಮಿಕ್ಸಿಗೂ ಒಂದು ಹೂವು ಸಿಗುತ್ತದೆ. ನನ್ನ ಜಾಯ್‌ಸ್ಟಿಕ್ಕಿಗೆ ಮಾತ್ರ ಎಂದೂ ಕರೆ ಬಂದಿರಲಿಲ್ಲ.

ಐವತ್ತು ದಾಟಿದ ನಾನು ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುತ್ತೇನೆ. ಜೊತೆಗಾರ ಹರಿಹರದ ನನ್ನ ಭಾಮೈದ. ಅವನು ತನ್ನ ಮನೆಯಲ್ಲಿ ಕೂತೇ ನನ್ನ ಬಲಪಕ್ಕದಲ್ಲಿ ಹಾರುತ್ತಾನೆ, ಮಾತೆಲ್ಲ ಹೆಡ್‌ಫೋನಿನಲ್ಲಿ. ಮನೆಗೆ ಬಂದವರಿಗೆ ಅಪ್ಪ, "ಅವ್ನು ಒಳಗ ವಿಮಾನ ಓಡಿಸ್ತಾ ಅದಾನೆ. ಇಳಿದ ಮ್ಯಾಲೆ ಬರ್ತಾನೆ, ಕೂಡ್ರಿ" ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ವಯಸ್ಸಿನಲ್ಲೂ ಅಪ್ಪನಿಂದ ಒಂದು ಸಲ ಭೇಷ್ ಎನಿಸಿಕೊಳ್ಳಬೇಕೆಂಬ ಆಸೆ. ಹೇಳಿಕೊಳ್ಳಲು ನಾಚಿಕೆ, ಆದರೆ ಇತ್ತು.

ಒಂದು ಸಂಜೆ ಟಿ.ವಿ. ಕೆಟ್ಟಿತು. ಬೇರೆ ದಾರಿಯಿಲ್ಲದೆ ಅಪ್ಪ ಕುರ್ಚಿ ಎಳೆದುಕೊಂಡು ಬಂದು ನನ್ನ ಹಿಂದೆ ಕೂತರು.

"ರಾಡಾರು ಯಾಕ ಆರಿಸ್ದೆ?"

"ಹಚ್ಚಿದ್ರೆ ಶತ್ರು ನಮಗೆ ಕಾಣ್ತಾನೆ ಅಪ್ಪಾಜಿ. ಆದ್ರೆ ನಾವು ನೋಡ್ತಿರೋದು ಅವ್ನಿಗೂ ಗೊತ್ತಾಗತ್ತೆ."

ಅಷ್ಟರಲ್ಲಿ ಕ್ಷಿಪಣಿಯೊಂದು ಬೆನ್ನು ಹತ್ತಿತು. ನಾನು ಜಾಯ್‌ಸ್ಟಿಕ್ಕಿನ ಮೇಲಿನ ಹೆಬ್ಬೆರಳಿನ ಗುಂಡಿ ಒತ್ತಿದೆ. ವಿಮಾನದ ಹಿಂದೆ ಬೆಂಕಿಯ ಉಂಡೆಗಳು ಉದುರಿದವು. ಫ್ಲೇರ್ ಎನ್ನುತ್ತಾರೆ. ಬಿಸಿಯನ್ನು ಹುಡುಕಿಕೊಂಡು ಬಂದ ಕ್ಷಿಪಣಿ ನನ್ನನ್ನು ಬಿಟ್ಟು ಅವುಗಳ ಹಿಂದೆ ಹೋಯಿತು. ಅಪ್ಪ ಕುರ್ಚಿಯನ್ನು ಮುಂದಕ್ಕೆ ಸರಿಸಿದರು.

"ಲೇ, ಇದು ಮಾರ್ಕೆಟ್ ಯಾರ್ಡಿನ ಕೆಲ್ಸ ಅಲ್ಲೇನು? ಬೇಕಾದ ಮೆಕ್ಕೆಜ್ವಾಳದ ರಾಶಿ ಕಡೆ ನಾನು ತಿರುಗೂ ನೋಡ್ತಿರ್ಲಿಲ್ಲ. ಬ್ಯಾಡಾದ ರಾಶಿ ಮುಂದ ನಿಂತು ಚೌಕಾಸಿ ಹಚ್ತಿದ್ದೆ. ಎಲ್ರೂ ಅತ್ಲಾಗೇ ಓಡೋರು!"

ಬೇಕಾದದ್ದನ್ನು ತಿರುಗಿ ನೋಡದ ಆ ಅಭ್ಯಾಸ ಮನೆಯೊಳಗೂ ಇತ್ತೋ ಏನೋ.

ಆ ವರ್ಷದ ಆಯುಧಪೂಜೆಯಲ್ಲಿ ತಕ್ಕಡಿಯ ಪಕ್ಕದಲ್ಲೇ ನನ್ನ ಜಾಯ್‌ಸ್ಟಿಕ್ ಕೂತಿತ್ತು. ಅಪ್ಪ ವಿಭೂತಿಯನ್ನು ನೀರಲ್ಲಿ ಕಲಸಿ ಧಾರಾಳವಾಗಿ ಮೂರು ಪಟ್ಟೆ ಎಳೆದರು. ಬೆಂಕಿ ಉದುರಿಸುವ ಗುಂಡಿ ಯಾವುದೆಂದು ಅವರಿಗೆ ನೆನಪಿತ್ತು. ಅದಕ್ಕೆ ವಿಶೇಷವಾಗಿ ಇನ್ನೊಂದು ಬೊಟ್ಟು ವಿಭೂತಿ, ಮೇಲೆ ಕುಂಕುಮ. ಪೂಜೆಗಿಟ್ಟ ಸಾಮಾನನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಆ ಹೊತ್ತಿಗೆ ವಿಭೂತಿ ಗುಂಡಿಯ ಸಂದಿಯಲ್ಲಿ ಇಳಿದು ಗಾರೆಯಂತೆ ಗಟ್ಟಿಯಾಗಿತ್ತು.

ವಿಜಯದಶಮಿಯ ಮಧ್ಯಾಹ್ನ ಹೋಳಿಗೆ ಉಂಡು ಪುಣೆಯ ತಂಡವೊಂದರ ಮೇಲೆ ಯುದ್ಧಕ್ಕೆ ಹೊರಟೆವು. ವಿಮಾನ ನೆಲ ಬಿಟ್ಟ ಕೂಡಲೇ ಸರಿಯಿದೆಯೋ ಎಂದು ಗುಂಡಿ ಒತ್ತಿ ನೋಡಿದೆ. ಒತ್ತಿದ್ದು ಮೇಲೇಳಲಿಲ್ಲ. ಇದ್ದಬದ್ದ ಫ್ಲೇರುಗಳೆಲ್ಲ ನಮ್ಮದೇ ರನ್‌ವೇ ಮೇಲೆ ಸುರಿದುಹೋದವು.

"ಏನ್ರಿ ಭಾವ, ದೀಪಾವಳಿ ಈಗ್ಲೇ ಹಚ್ಕೊಂಡ್ರಾ?" ಭಾಮೈದ ಹರಿಹರದಿಂದ ಕೇಳಿದ.

ಶತ್ರು ಬರುವ ಹೊತ್ತಿಗೆ ನನ್ನ ಬಳಿ ಕುಂಕುಮ ಬಿಟ್ಟರೆ ಬೇರೆ ರಕ್ಷಣೆ ಇರಲಿಲ್ಲ. ಮೊದಲ ಕ್ಷಿಪಣಿಗೇ ಬಿದ್ದೆ. ನನ್ನನ್ನು ಉಳಿಸಲು ತಿರುಗಿದ ಭಾಮೈದನೂ ಬಿದ್ದ. ಸಿಟ್ಟಿನಿಂದ ಜಾಯ್‌ಸ್ಟಿಕ್ ಹಿಡಿದುಕೊಂಡೇ ಹೊರಗೆ ಬಂದೆ. ಪಡಸಾಲೆಯಲ್ಲಿ ಅಪ್ಪ ಹೊಸ ಪಂಚೆ ಉಟ್ಟು ಕಾಯುತ್ತಾ ಕೂತಿದ್ದರು.

"ಹೆಂಗಾತು?"

ಕಾರ್ಖಾನೆ ಶುರು ಮಾಡಿದಾಗಲೂ ಹೀಗೆ ಕೇಳಿದವರಲ್ಲ. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ.

"ಗೆದ್ವಿ ಅಪ್ಪಾಜಿ."

"ಗೆಲ್ದೇ ಇರ್ತೀರೇನು? ಭೇಷ್!" ಎಂದರು. "ಇನ್ಮ್ಯಾಲೆ ಅಂಗಡಿಗೆ ಮಾಡ್ತಿದ್ದಂಗೆ ಪ್ರತಿ ಅಮಾಸೆಗೂ ಇದಕ್ಕೊಂದು ಪೂಜೆ ಮಾಡಣ."

ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಹಸಿ ವಿಭೂತಿ ಬೀಳುತ್ತಿದೆ. ಉಳಿದ ಗುಂಡಿಗಳನ್ನು ನಾನು ಮರುದಿನ ಒರೆಸಿಕೊಳ್ಳುತ್ತೇನೆ, ಅದೊಂದನ್ನು ಮುಟ್ಟುವುದಿಲ್ಲ. ಫ್ಲೇರ್ ಬಿಡುವ ಕೆಲಸವನ್ನು ಕೀಬೋರ್ಡಿನ ಒಂದು ಕೀಲಿಗೆ ಹಚ್ಚಿಟ್ಟಿದ್ದೇನೆ. ಆ ಗುಂಡಿಗೆ ಈಗ ಯಾವ ಕೆಲಸವೂ ಇಲ್ಲ.

ಟಿ.ವಿ. ರಿಪೇರಿಯಾಗಿದೆ. ಆದರೂ ಅಪ್ಪ ನನ್ನ ಹಿಂದೆ ಬಂದು ಕೂರುತ್ತಾರೆ. ಕ್ಷಿಪಣಿ ಕಂಡೊಡನೆ "ಒತ್ತಲೇ, ಒತ್ತು!" ಎಂದು ಕೂಗುತ್ತಾರೆ. ಅವರಿಗೆ ಕಾಣುವ ಹಾಗೆ ನನ್ನ ಬಲಗೈ ಹೆಬ್ಬೆರಳು ವಿಭೂತಿಯ ಗುಂಡಿಯನ್ನು ಒತ್ತುತ್ತದೆ. ಎಡಗೈ ಮೆಲ್ಲಗೆ ಕೀಬೋರ್ಡಿನ ಕೀಲಿ ಒತ್ತುತ್ತದೆ. ಬೆಂಕಿ ಉದುರುತ್ತದೆ, ನಾನು ಉಳಿಯುತ್ತೇನೆ, ಅಪ್ಪ ತೊಡೆ ತಟ್ಟಿ ನಗುತ್ತಾರೆ.

ನನ್ನ ಎಡಗೈ ಕಡೆ ಮಾತ್ರ ಅವರು ತಿರುಗಿಯೂ ನೋಡುವುದಿಲ್ಲ.