ಚೆನ್ನಮ್ಮನ ಹರಕೆಯ ಹುಂಜ

ಹಾಗಲವಾಡಿಯ ಚಿಕ್ಕಮಾರಯ್ಯನ ಮನೆಯಲ್ಲಿ ಎಲ್ಲರೂ ಒಂದು ಹುಂಜಕ್ಕೆ ದಾರಿ ಬಿಡುತ್ತಿದ್ದರು. ನಗಬೇಡಿ, ೧೯೭೬ರಲ್ಲಿ ಸೊಸೆಯಾಗಿ ಬಂದ ಪುಟ್ಟಗಂಗಮ್ಮನೂ ಮೊದಲ ದಿನ ಸೆರಗು ಬಾಯಿಗಿಟ್ಟುಕೊಂಡು ನಕ್ಕವಳೇ. ಅಂಗಳದಲ್ಲಿ ಹುಂಜ ಎದುರಾದರೆ ಆರಡಿ ಎತ್ತರದ ಮಾವ ಎಕ್ಕಡ ಬಿಟ್ಟು, ಕೈ ಮುಗಿದು, ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಗಂಡ ಕದರಯ್ಯನೂ ಹಾಗೆಯೇ.

ಕಾರಣ ಅವಳಿಗೆ ಆಮೇಲೆ ತಿಳಿಯಿತು. ಮಗನಿಗೆ ಮದುವೆಯಾದರೆ ಮಾರಮ್ಮನಿಗೆ ಕೊಡುತ್ತೇನೆಂದು ಹರಕೆ ಹೊತ್ತು, ಅತ್ತೆ ಚೆನ್ನಮ್ಮ ಆ ಹುಂಜವನ್ನು ಮರಿಯಿಂದಲೂ ಮಡಿಲಲ್ಲಿಟ್ಟುಕೊಂಡು ಸಾಕಿದ್ದಳು. ಮದುವೆಗೆ ಒಂದು ತಿಂಗಳಿರುವಾಗ ಜ್ವರ ಬಂದು ಅವಳೇ ಹೋಗಿಬಿಟ್ಟಳು. ಆ ಮನೆತನದ ನಂಬಿಕೆಯಲ್ಲಿ ಹರಕೆ ಹೊತ್ತ ಕೈಯೇ ಅದನ್ನು ಒಪ್ಪಿಸಬೇಕು. ಆ ಕೈ ಮಣ್ಣಿಗೆ ಸೇರಿದ ಮೇಲೆ ಹುಂಜವನ್ನು ಕುಯ್ಯುವಂತಿಲ್ಲ, ಮಾರುವಂತಿಲ್ಲ, ಹೊಡೆಯುವಂತಿಲ್ಲ, ಮುಟ್ಟುವಂತೆಯೂ ಇಲ್ಲ. ಕಾಳನ್ನು ದೂರದಿಂದ ಎರಚಿ ಹಿಂದೆ ಸರಿಯಬೇಕು.

ಹುಂಜ ಉಳಿದವರ ತಂಟೆಗೆ ಹೋಗುತ್ತಿರಲಿಲ್ಲ. ಪುಟ್ಟಗಂಗಮ್ಮ ಪೊರಕೆ ಹಿಡಿದು ಅಂಗಳಕ್ಕೆ ಇಳಿದರೆ ಮಾತ್ರ ಕತ್ತಿನ ಗರಿ ಕೆದರಿಕೊಂಡು, ಒಂದು ರೆಕ್ಕೆಯನ್ನು ನೆಲಕ್ಕೆ ಉಜ್ಜುತ್ತಾ ಸುತ್ತು ಹಾಕುತ್ತಿತ್ತು. ಬೆನ್ನು ತಿರುಗಿಸಿದಳೋ, ಮೇಲೆ ಹಾರುತ್ತಿತ್ತು. ಅವಳು ಜೀವ ಕೈಯಲ್ಲಿ ಹಿಡಿದು ಕೊಟ್ಟಿಗೆಗೆ ಓಡುವಳು. ಮರುದಿನ ಅದು ಇನ್ನೂ ಹತ್ತಿರ ಬಂದು ಕಾಯುವುದು. ಒಮ್ಮೆ ಅದರ ಕಾಲಿನ ಮುಳ್ಳು ಮೀನಖಂಡಕ್ಕೆ ಇಳಿದು ಎಂಟು ದಿನ ಮಲಗಿದಳು.

ಮಧ್ಯಾಹ್ನ ಅದು ಒರಳುಕಲ್ಲಿನ ಮೇಲೆ ಕೂರುತ್ತಿತ್ತು. ಅಲ್ಲೇ ಚೆನ್ನಮ್ಮ ಕೂರುತ್ತಿದ್ದದ್ದು. ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ಸೊಸೆಯನ್ನು ನೋಡುತ್ತಾ ಗಂಟಲಲ್ಲೇ ಏನೋ ಗೊಣಗುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ಮಾವ ಉಣ್ಣುವುದನ್ನು ನಿಲ್ಲಿಸುತ್ತಿದ್ದ.

"ಚೆನ್ನಿ ಹಿಂಗೇ ಗೊಣಗ್ತಿದ್ಲು," ಎಂದ ಒಂದು ದಿನ. "ಅವ್ಳಿಗೆ ನೀನು ಒಪ್ಗೆ ಇಲ್ಲ ಮಗಾ. ಅಮಾಸೆವರ್ಗೂ ನೋಡ್ತೀನಿ. ಆಮೇಲೆ ನಿನ್ನ ಕುಣಿಗಲ್‌ಗೆ ಬುಟ್ಟು ಬರ್ತೀನಿ."

ಕದರಯ್ಯ ತಟ್ಟೆ ನೋಡುತ್ತಾ ಕುಳಿತಿದ್ದ, ಪುಣ್ಯಾತ್ಮ. ತವರಾದ ಕುಣಿಗಲ್ಲಿನಲ್ಲಿ ಪುಟ್ಟಗಂಗಮ್ಮನಿಗೆ ಮದುವೆಯಾಗದ ತಂಗಿಯರಿಬ್ಬರಿದ್ದರು. ಸತ್ತ ಅತ್ತೆಯೇ ಓಡಿಸಿದ ಹೆಣ್ಣಿನ ತಂಗಿಯರನ್ನು ಯಾರು ಕೇಳುತ್ತಾರೆ?

ಅಮಾವಾಸ್ಯೆಗೆ ಹನ್ನೆರಡು ದಿನವಿತ್ತು. ಅವಳಪ್ಪ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು. ಒದೆಯುವ ಕುದುರೆಯ ಹತ್ತಿರ ಓಡಲೂಬಾರದು, ಕೋಲನ್ನೂ ಎತ್ತಬಾರದು, ನಿಧಾನವಾಗಿ ಹತ್ತಿರ ಹೋಗಿ ಕೈ ಇಡಬೇಕು ಎನ್ನುತ್ತಿದ್ದ. ಮರುದಿನ ಗಂಡಸರು ತೋಟಕ್ಕೆ ಹೋದ ಮೇಲೆ ಅವಳು ಪೊರಕೆ ಗೋಡೆಗೆ ಒರಗಿಸಿ ಹುಂಜದ ಎದುರು ನಿಂತಳು. ಅದು ಹಾರಿತು. ಕಾಲಿನಲ್ಲಿ ರಕ್ತ ಇಳಿಯಿತು. ಅವಳು ಹಿಂದೆ ಸರಿಯದೆ ಒಂದು ಹೆಜ್ಜೆ ಮುಂದಿಟ್ಟಳು. ಎರಡನೇ ಸಲ ಹಾರಿದಾಗ ರೆಕ್ಕೆಗಳನ್ನು ಒತ್ತಿ ಹಿಡಿದು ಕಂಕುಳಿಗೆ ಸೇರಿಸಿಕೊಂಡುಬಿಟ್ಟಳು.

ಮುಟ್ಟಬಾರದ್ದನ್ನು ಮುಟ್ಟಿಯಾಗಿತ್ತು. ಆಕಾಶವೇನೂ ಕಳಚಿ ಬೀಳಲಿಲ್ಲ. ಹುಂಜವನ್ನು ಎತ್ತಿಕೊಂಡೇ ಅಂಗಳ ಗುಡಿಸಿದಳು, ರಾಗಿ ಹರವಿದಳು. ಅದರ ಎದೆ ಅವಳ ಪಕ್ಕೆಗೆ ಡಬಡಬ ಬಡಿಯುತ್ತಿತ್ತು, ಬರಬರುತ್ತಾ ನಿಧಾನವಾಯಿತು. ಕತ್ತು ಸವರಿದಾಗ ಅದು ಕಣ್ಣು ಮುಚ್ಚಿ ಗೊಣಗಿತು. ಪುಟ್ಟಗಂಗಮ್ಮನಿಗೆ ಅಳು ಬಂತು. ಚೆನ್ನಮ್ಮ ಸತ್ತಂದಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಕೈ ಮುಗಿದು ಮುಗಿದು ಅದನ್ನು ಕೆಡಿಸಿದ್ದರು.

ಹನ್ನೊಂದು ದಿನ ಹೀಗೇ ನಡೆಯಿತು. ಅಮಾವಾಸ್ಯೆಯ ದಿನ ಗುಬ್ಬಿಗೆ ಹೋಗಿದ್ದ ಗಂಡಸರು ಮಧ್ಯಾಹ್ನವೇ ವಾಪಸಾದರು. ಪುಟ್ಟಗಂಗಮ್ಮ ಒರಳುಕಲ್ಲಿನ ಮೇಲೆ ಕುಳಿತಿದ್ದಳು. ಉಟ್ಟದ್ದು ಅತ್ತೆಯ ಹಳೆಯ ಸೀರೆ. ತನ್ನವು ಎರಡೂ ಒಗೆದು ಒಣಗಲು ಹಾಕಿದ್ದಳು. ಮಡಿಲಲ್ಲಿ ಹುಂಜ ನಿದ್ದೆ ಹೋಗಿತ್ತು. ಮಾವ ನೋಡಲಿ ಎಂದೇ ಅವಳು ಏಳಲಿಲ್ಲ.

ಚಿಕ್ಕಮಾರಯ್ಯ ಎಕ್ಕಡ ಬಿಟ್ಟ. ಕೈ ಮುಗಿದ.

"ಚೆನ್ನೀ," ಎಂದ ಮೆಲ್ಲಗೆ. "ಬಂದ್ಯಾ?"

"ನಾನು ಮಾವ, ಪುಟ್ಟಗಂಗಿ," ಎಂದಳು ಅವಳು. ಅವನು ತಲೆ ಎತ್ತಲಿಲ್ಲ. ಅವನ ಹಿಂದೆ ಕದರಯ್ಯನೂ ಕೈ ಮುಗಿದು ನಿಂತಿದ್ದ.

ಕುಣಿಗಲ್ಲಿನ ಮಾತು ಮತ್ತೆ ಬರಲಿಲ್ಲ. ತಂಗಿಯರ ಮದುವೆಯೂ ಆಯಿತು. ಆದರೆ ಅಂದಿನಿಂದ ಕದರಯ್ಯನ ಹಾಸಿಗೆ ಜಗಲಿಗೆ ಹೋಯಿತು. ತಾಯಿಯ ಪಕ್ಕ ಮಲಗುವುದುಂಟೇ? ಅವಳು ಎದುರಾದರೆ ಗಂಡಸರು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು. ಅವಳ ಹೆಸರನ್ನು ಆ ಮನೆಯಲ್ಲಿ ಯಾರೂ ಕರೆಯಲಿಲ್ಲ. ಅವಳು ಎಷ್ಟೋ ಸಲ ಗಂಡನ ಹತ್ತಿರ ಹೋದಳು, ಕೈ ಹಿಡಿಯಲು ನೋಡಿದಳು. ಹುಂಜವಾದರೂ ನಿಂತಿತ್ತು, ಅವನು ನಿಲ್ಲಲಿಲ್ಲ.

ಮೂರನೇ ವರ್ಷ ಒಂದು ಬೆಳಿಗ್ಗೆ ಅವನು ಹಾಗೆಯೇ ಸರಿದು ಕೈ ಮುಗಿದಾಗ ಅವಳ ಕೈ ತಾನಾಗಿ ಎದ್ದು ಅವನ ಕೆನ್ನೆಗೆ ಬಿತ್ತು. ಹುಂಜಕ್ಕೆ ಏನಾಗುತ್ತಿತ್ತೆಂದು ಅವಳಿಗೆ ಆಗ ಮೈಯಿಂದಲೇ ಗೊತ್ತಾಯಿತು. ಕದರಯ್ಯ ಕೆನ್ನೆ ಉಜ್ಜಿಕೊಳ್ಳಲಿಲ್ಲ.

"ತಪ್ಪಾಯ್ತು ಕಣವ್ವ," ಎಂದ.

ಹುಂಜ ವಯಸ್ಸಾಗಿ ಅವಳ ಮಡಿಲಲ್ಲೇ ಸತ್ತಿತು. ೧೯೮೪ರ ಹೊತ್ತಿಗೆ ಗುಬ್ಬಿಯಿಂದ, ತುಮಕೂರಿನ ಸದಾಶಿವನಗರದಿಂದಲೂ ಜನ ಮೈಮೇಲೆ ಹಾರುವ ಹುಂಜಗಳನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಅವಳ ಬಳಿಗೆ ತರುತ್ತಿದ್ದರು. ಅವಳು ಒಂದು ವಾರ ಇಟ್ಟುಕೊಂಡು ಸಾಧು ಮಾಡಿ ಕೊಡುತ್ತಿದ್ದಳು.

"ಹೊಡೀಬೇಡಿ. ಓಡ್ಲೂಬೇಡಿ," ಎಂದು ಎಲ್ಲರಿಗೂ ಹೇಳುತ್ತಿದ್ದಳು. "ದಿನಾ ಒಂದ್ಸಲ ಎತ್ಕೊಳ್ಳಿ, ಸಾಕು."

ಅವರು ಹೂಂ ಎನ್ನುತ್ತಿದ್ದರು. ಅವಳು ಬುಟ್ಟಿಯನ್ನು ಕೈಗೆ ಕೊಡಲು ಬಂದರೆ ನೆಲದ ಮೇಲೆ ಇಡಿಸಿಕೊಂಡು, ಅವಳು ದೂರ ಸರಿದ ಮೇಲೆ ಎತ್ತಿಕೊಂಡು, ಬೆನ್ನು ತೋರಿಸದೆ ಹಿಂದೆ ಹಿಂದೆಯೇ ನಡೆದು ಹೋಗುತ್ತಿದ್ದರು.