ಅಮ್ಮ ಕೇಳಿದ ಒಂದು ಗಂಟೆ

ಮೊನ್ನೆ ದೀಪಾಂಜಲಿ ನಗರದ ಮೆಟ್ರೊ ಸ್ಟೇಷನ್ ಇಳಿದು ಬರುವಾಗ ಮೂಗಿಗೆ ಬೇಯಿಸಿದ ಮೈದಾ ಅಂಟಿನ ವಾಸನೆ ಬಡಿಯಿತು. ಯಾರೋ ಇಬ್ಬರು ಕಾಂಪೌಂಡ್ ಗೋಡೆಗೆ ಪೋಸ್ಟರ್ ಹಚ್ಚುತ್ತಿದ್ದರು. ಈಗೆಲ್ಲ ಫ್ಲೆಕ್ಸ್ ಕಾಲ. ಈ ವಾಸನೆ ಎಂದೋ ಹೋಯಿತು ಅಂದುಕೊಂಡಿದ್ದೆ. ಅಪ್ಪ ತೀರಿಕೊಂಡು ವರ್ಷ ತುಂಬುತ್ತ ಬಂದಿದೆ. ಈವರೆಗೆ ನನ್ನ ಕಣ್ಣಲ್ಲಿ ಒಂದು ಹನಿ ಬಂದಿಲ್ಲ, ಆಗಲೂ ಬರಲಿಲ್ಲ. ಹಸಿವಾಯಿತು, ಅಷ್ಟೇ.

ರಾಜಾಜಿನಗರದ ನಮ್ಮ ಮನೆ ಈಗಿಲ್ಲ. ಬಾಡಿಗೆ ಮನೆ ಅದು. ಅಪ್ಪ ಹೋದ ಮೇಲೆ ಅಮ್ಮನನ್ನು ನಾನು ರಾಜರಾಜೇಶ್ವರಿನಗರಕ್ಕೆ ಕರೆತಂದೆ, ಓನರ್ ಆ ಮನೆ ಒಡೆದು ಹಾಕಿದರು. ಅಪ್ಪ ಕಾರ್ಮಿಕ ಸಂಘ ಕಟ್ಟಿದವರು, ಎರಡು ಸಲ ಕಾರ್ಪೊರೇಟರ್ ಆದವರು. ಕೆಲಸಗಾರರಿಗೆಲ್ಲ ಅವರು ಅಣ್ಣ, ಅಮ್ಮ ಅತ್ತಿಗೆ. ಯಾರು ಬೇಕಾದರೂ ಅಡುಗೆಮನೆಯ ತನಕ ಬರುತ್ತಿದ್ದ ಇಂಥ ಮನೆಗಳನ್ನು ನೀವೂ ಕಂಡಿರಬೇಕು. ಮುಷ್ಕರ ಬಂತೆಂದರೆ ಅಮ್ಮನ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಪೋಸ್ಟರಿನ ಅಂಟು ಕುದಿಯುತ್ತಿತ್ತು. ಒಮ್ಮೆ ಗೇಟ್ ಮೀಟಿಂಗಿನಲ್ಲಿ ಗಂಟಲು ಹರಿದುಕೊಂಡು ಮಧ್ಯಾಹ್ನ ಮೂರಕ್ಕೆ ಬಂದ ಅಪ್ಪ, ಆರಿದ್ದ ಅಂಟನ್ನು ಗಂಜಿ ಎಂದುಕೊಂಡು ತಟ್ಟೆಗೆ ಸುರಿದುಕೊಂಡು, ಬೇಡಿಕೆ ಪಟ್ಟಿ ಓದುತ್ತ ಅರ್ಧ ತಿಂದೇಬಿಟ್ಟರು. ಹುಳ ಹಿಡಿಯದಿರಲೆಂದು ಬೆರೆಸುವ ಮೈಲುತುತ್ತವನ್ನು ಇನ್ನೂ ಹಾಕಿರಲಿಲ್ಲ, ನಮ್ಮ ಪುಣ್ಯ! "ಉಪ್ಪು ಹಾಕೋದ್ ಮರ್ತಿದೀಯ ಕಣೇ," ಎಂದರು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅಮ್ಮ ಬಂದು ನೋಡಿ, "ಅಯ್ಯೋ ರೀ, ಅದು ಗೋಡೆಗ್ ಹಚ್ಚೋದು!" ಎಂದು ನಕ್ಕು ನಕ್ಕು ನೆಲಕ್ಕೆ ಕೂತಳು. ಅಪ್ಪನೂ ನಕ್ಕರು. ಅವರಿಬ್ಬರೂ ಒಟ್ಟಿಗೆ ನಕ್ಕಿದ್ದು ಬೇರೆ ಯಾವಾಗ ಎಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ.

ನಗು ನಿಂತ ಮೇಲೆ ಅಮ್ಮ ಕಣ್ಣೊರೆಸಿಕೊಂಡು, "ಅನ್ನ ಮಾಡ್ತೀನಿ, ಒಂದು ಗಂಟೆ ಮನೇಲ್ ಕೂತ್ಕೊಳ್ಳಿ. ನನ್ ಹತ್ರ ಮಾತಾಡಿ ಎಷ್ಟ್ ದಿನ ಆಯ್ತು," ಅಂದಳು. ಅಷ್ಟರಲ್ಲಿ ಹೊರಗೆ ಯಾರೋ "ಅಣ್ಣಾ" ಎಂದು ಕೂಗಿದರು. ಅಪ್ಪ ಕೈ ತೊಳೆದು ಹೊರಟೇಬಿಟ್ಟರು. ಆ ಒಂದು ಗಂಟೆಯನ್ನು ಅಮ್ಮ ಬದುಕಿಡೀ ಕೇಳಿದಳು, ಮೊದಮೊದಲು ಜಗಳವಾಡಿ, ಆಮೇಲಾಮೇಲೆ ಮುಖ ಊದಿಸಿಕೊಂಡು. ನನಗೆ ಅಪ್ಪನ ಮೇಲೆ ಕೆಂಡದಂಥ ಸಿಟ್ಟಿತ್ತು. ಈಗ ಅದೂ ಇಲ್ಲ.

ಅಪ್ಪ ಹೋದ ದಿನ ಆಸ್ಪತ್ರೆಯಿಂದ ಅವರನ್ನು ನೇರ ಸಂಘದ ಕಚೇರಿಗೆ ಒಯ್ಯುವುದೆಂದು ಸಂಘದವರು ಮಾತಾಡಿಕೊಂಡಿದ್ದರು. ಅಮ್ಮ ಒಪ್ಪಲಿಲ್ಲ. "ಮೊದ್ಲು ಮನೆಗೆ. ಒಂದು ಗಂಟೆ," ಅಂದಳು. ನಡುಮನೆಯಲ್ಲಿ ಮಲಗಿಸಿದರು. ರಸ್ತೆ ತುಂಬ ಜನ. ಸಂಘದ ಕಾರ್ಯದರ್ಶಿ ಒಳಗೆ ಬಂದು, "ಅತ್ತಿಗೆ, ಎಲ್ರೂ ನೋಡ್ಬೇಕು ಅಂತಿದಾರೆ," ಎಂದರು. "ಕಾಯ್ಲಿ ಬಿಡಿ. ನಾನ್ ಕಾದಿಲ್ವಾ?" ಎಂದ ಅಮ್ಮ ಅವರನ್ನು ಹೊರಗೆ ಕಳಿಸಿ ನನ್ನಿಂದ ಬಾಗಿಲು ಹಾಕಿಸಿದಳು. ಹಗಲಲ್ಲಿ ಆ ಬಾಗಿಲಿಗೆ ಚಿಲಕ ಬಿದ್ದದ್ದು ನಾನು ನೋಡಿದ್ದು ಅದೇ ಮೊದಲು. ಅಮ್ಮ ಪಕ್ಕದಲ್ಲಿ ಕೂತು ಅಪ್ಪನ ಅಂಗಿಯ ಕಾಲರ್ ಸರಿಮಾಡಿದಳು. ಹತ್ತು ನಿಮಿಷವೂ ಆಗಿರಲಿಲ್ಲ.

"ಏನ್ ಮಾತಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ ಕಣೇ," ಅಂದಳು. ಕಿಟಕಿಯಾಚೆ ನೋಡಿ, "ಬಾಗ್ಲು ತೆಗಿ. ಪಾಪ, ಬಿಸ್ಲಲ್ಲಿ ನಿಂತಿದಾರೆ."