ಹೀರೋನ ಕಾರು ಓಡಿಸಿದ ಕೈ

ಡ್ರೈವಿಂಗ್ ಸ್ಕೂಲಿನಲ್ಲಿ ಎಲ್ಲರೂ ಅವರನ್ನು ಕನ್ನಡಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಲಿಯಲು ಬಂದವರು ಸೀಟಿನಲ್ಲಿ ಕೂತು ಉಸಿರು ಬಿಡುವಷ್ಟರಲ್ಲಿ "ಕನ್ನಡಿ ನೋಡಿ, ಕನ್ನಡಿ" ಎಂದು ಶುರು ಮಾಡಿದರೆ ಗಾಡಿ ನಿಲ್ಲಿಸುವವರೆಗೂ ಅದೇ ಜಪ. ಮೂವತ್ತೊಂದು ವರ್ಷ ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿದ್ದ ಈ ಮನುಷ್ಯನಿಗೆ ಒಬ್ಬನನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ಅವನು ಹೊಡೆದಾಟದ ಸಿನಿಮಾಗಳ ಹೀರೋ.

"ಅವನ ಸಿನಿಮಾ ಬಂದ ವಾರ ನನ್ನ ಹತ್ರ ಕಲಿಯೋರೆಲ್ಲ ತಿರುವಲ್ಲಿ ಟೈರು ಕಿರುಚಿಸ್ತಾರೆ" ಎಂದು ಗೊಣಗುತ್ತಿದ್ದರು. ಹೆಂಡತಿಗೆ ಆ ಹೀರೋ ಎಂದರೆ ಪ್ರಾಣ. ಒಂದು ಭಾನುವಾರ ಮಧ್ಯಾಹ್ನ ಆಕೆ ಹಟ ಹಿಡಿದು ಮೇಷ್ಟ್ರನ್ನು ಥಿಯೇಟರಿಗೆ ಎಳೆದುಕೊಂಡು ಹೋದರು.

ಮೊದಲ ಅರ್ಧ ಗಂಟೆ ಮೇಷ್ಟ್ರು ಮುಖ ಸಿಂಡರಿಸಿಕೊಂಡೇ ಕೂತಿದ್ದರು. ಹೀರೋ ನಲವತ್ತು ಜನರನ್ನು ಕೆಡವಿದ. ತಲೆಯ ಕ್ರಾಪು ಮಾತ್ರ ಕದಲಲಿಲ್ಲ. ಗಾಜಿನ ಕಿಟಕಿ ಒಡೆದುಕೊಂಡು ಹಾರಿ ಕಾರಿನೊಳಗೆ ಬಿದ್ದ. ಬಿದ್ದವನೇ ಸೀಟ್ ಬೆಲ್ಟ್ ಹಾಕಿಕೊಂಡ. "ಪರವಾಗಿಲ್ವೇ" ಎಂದರು ಮೇಷ್ಟ್ರು.

ಆಮೇಲೆ ಆ ಕಾರು ಇಕ್ಕಟ್ಟಾದ ಸಂದಿಯಲ್ಲಿ, ಎರಡೂ ಕಡೆ ಗೇಣಷ್ಟೇ ಜಾಗ ಬಿಟ್ಟು, ಹಿಂದಕ್ಕೆ ಬಾಣದಂತೆ ನುಗ್ಗಿತು. ಓಡಿಸುವವರ ಮುಖ ಕಾಣುತ್ತಿರಲಿಲ್ಲ. ಪಕ್ಕದ ಸೀಟಿನ ಬೆನ್ನಿನ ಮೇಲೆ ಗ್ಲೌಸ್ ಹಾಕಿದ ಅವರ ಒಂದು ಕೈ ಇತ್ತು. ಅದರ ಎರಡು ಬೆರಳು ತಾಳ ಹಾಕುವಂತೆ ಟಕ್ ಟಕ್ ಎನ್ನುತ್ತಿದ್ದವು.

ಮೇಷ್ಟ್ರು ಸೆಟೆದು ಕೂತರು. ರಿವರ್ಸ್ ಹೋಗುವಾಗ ಹಾಗೆ ಬೆರಳು ಬಡಿದು ದೂರ ಎಣಿಸುವುದು ಅವರದೇ ಅಭ್ಯಾಸ. ಅದನ್ನು ಅವರಿಂದ ಕಲಿತವಳು ಒಬ್ಬಳೇ: ಸಿನಿಮಾದವರ ಗಾಡಿ ರಿಪೇರಿ ನೋಡಿಕೊಳ್ಳುತ್ತೇನೆ ಎಂದು ಹೇಳಿಕೊಂಡಿದ್ದ ಮಗಳು.

"ಲೇ, ಅದು ನಮ್ಮ ಹುಡುಗಿ ಕಣೇ!"

ಹೆಂಡತಿ ಪರದೆಯಿಂದ ಕಣ್ಣು ಕೀಳಲಿಲ್ಲ. "ಈಗ ಗೊತ್ತಾಯ್ತಾ? ಇದು ಹೀರೋ ಬದಲು ಅವಳು ಗಾಡಿ ಓಡಿಸಿದ ಐದನೇ ಸಿನಿಮಾ."

"ನಿಂಗೆ ಗೊತ್ತಿತ್ತಾ?"

"ಹೇಳಿದ್ರೆ ನೀವು ಬಿಡ್ತಿದ್ರಾ? ಸುಮ್ನೆ ನೋಡಿ, ಸೇತುವೆ ಸೀನ್ ಬರುತ್ತೆ."

ಆ ವಾರ ಮೇಷ್ಟ್ರು ಹಳೆಯ ನಾಲ್ಕೂ ಸಿನಿಮಾಗಳನ್ನು ಮನೆಯ ಟಿವಿಯಲ್ಲಿ ಹಾಕಿಕೊಂಡು ಕೂತರು. ಮೊದಲನೆಯದಕ್ಕೆ ಕಥೆಯ ತಲೆಬುಡ ಇರಲಿಲ್ಲ, ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಎರಡನೆಯದರಲ್ಲಿ ಹೀರೋ ತನ್ನ ಅಜ್ಜಿಗೆ ಹೆದರಿ ಮಂಚದಡಿ ಅಡಗುವುದನ್ನು ಕಂಡು ಹೊಟ್ಟೆ ಹಿಡಿದು ನಕ್ಕರು. ಮೂರನೆಯದರಲ್ಲಿ ಲಾರಿಯೊಂದು ಬೆಟ್ಟದ ತಿರುವನ್ನು ಸುತ್ತಿಕೊಂಡು ಬಂದಾಗ ತಮಗೆ ಅರಿವಿಲ್ಲದೆಯೇ ಶಿಳ್ಳೆ ಹೊಡೆದರು. ಅದೇನೋ, ಆ ಹೀರೋನ ಮೇಲಿದ್ದ ಸಿಟ್ಟೂ ಎಲ್ಲೋ ಜಾರಿಹೋಗಿತ್ತು.

ಮಗಳು ರಜೆಗೆ ಬಂದಳು. ಬೈಯಬೇಕೆಂದು ನಾಲ್ಕು ದಿನದಿಂದ ಜೋಡಿಸಿಟ್ಟ ಮಾತು ಅವಳ ಮುಖ ಕಂಡಾಗ ಹೊಗಳಿಕೆಯಾಗಿ ಹೊರಬಂತು.

"ಆ ಲಾರಿ ತಿರುವು ಬೆಣ್ಣೆ ಹಾಗಿತ್ತು" ಎಂದರು. "ಆದ್ರೆ ನಾಲ್ಕನೇ ಸಿನಿಮಾದಲ್ಲಿ ಮಾರ್ಕೆಟ್ ಸೀನು? ಕ್ಲಚ್ ಸುಟ್ಟು, ಗೇರು ಕಿರುಚಿಸಿ... ನನ್ನ ಮಾನ ಕಳೆದೆ!"

ಮಗಳು ಪಕ್ಕನೆ ನಕ್ಕಳು. "ಅಪ್ಪಾ, ಅದು ನಾನಲ್ಲ. ಅವತ್ತೊಂದಿನ ಹೀರೋ ಸಾರ್ ತಾನೇ ಓಡಿಸ್ತೀನಿ ಅಂತ ಹಟ ಮಾಡಿದ್ರು."

"ಹಾಗನ್ನು ಮತ್ತೆ!" ಮೇಷ್ಟ್ರ ಮುಖ ಅರಳಿತು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಭಯ ಆಗಲ್ವೇನೇ?"

"ಆಗುತ್ತೆ. ಅದಕ್ಕೇ ಒಂದೊಂದು ಸೀನಿಗೂ ಎರಡೆರಡು ವಾರ ಎರಡೂ ಕಡೆ ಖಾಲಿ ಡ್ರಮ್ ಇಟ್ಟು ಪ್ರಾಕ್ಟೀಸ್ ಮಾಡ್ತೀನಿ. ನೀವು ಕಲಿಸಿದ ಹಾಗೇ."

ಮೇಷ್ಟ್ರು ಒಂದು ಹಾಳೆ, ಪೆನ್ಸಿಲ್ ಮುಂದಿಟ್ಟರು. "ಎಲ್ಲಿ, ಆ ಸಂದಿ ಎಷ್ಟು ಅಗಲ ಇತ್ತು, ಬರೆದು ತೋರ್ಸು." ಅಪ್ಪ ಮಗಳು ಹಾಳೆಯ ಮೇಲೆ ಬಗ್ಗಿ ತಲೆಗೆ ತಲೆ ತಾಗಿಸಿ ಕೂತರು, ಟೀ ಆರಿ ತಣ್ಣಗಾಯಿತು.

ಆರನೇ ಸಿನಿಮಾದ ಮೊದಲ ಆಟಕ್ಕೆ ಮೇಷ್ಟ್ರು ಸ್ಕೂಲಿನವರನ್ನೆಲ್ಲ ಕಟ್ಟಿಕೊಂಡು ಹೋದರು. ಕಾರು ರೈಲ್ವೆ ಗೇಟಿನಡಿ ನುಸುಳಿ ಪಾರಾದಾಗ ಅವರು ಎದ್ದು ನಿಂತು ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದರು.

ಹಿಂದಿನ ಸಾಲಿನವನೊಬ್ಬ ಕೇಳಿದ, "ಏನ್ ಸಾರ್, ಈ ವಯಸ್ಸಲ್ಲೂ ಹೀರೋ ಅಂದ್ರೆ ಇಷ್ಟು ಹುಚ್ಚಾ?"

"ಈ ಚಪ್ಪಾಳೆ ಹೀರೋಗಲ್ಲಪ್ಪ, ಡ್ರೈವರಿಗೆ" ಎಂದರು ಮೇಷ್ಟ್ರು. "ನನ್ನ ಮಗಳು ಅವಳು."